ಹೋಲ್ಡ್-ಡೌನ್ ಲೆಕ್ಕ: ಪರದೆಯ ಮೇಲಿನ ಆ ಒಂದು ಸಂಖ್ಯೆಯ ಹಿಂದೆ

(ಸ್ಟ್ರಕ್ಚರಲ್ ಎಂಜಿನಿಯರುಗಳ ಸಭೆಯಲ್ಲಿ ಕೊಟ್ಟ ಉಪನ್ಯಾಸದ ಬರಹ ರೂಪ. ಬೋರ್ಡಿನ ಮೇಲೆ ಬಿಡಿಸಿದ ಚಿತ್ರಗಳನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಮೂರನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಿಮ್ಮಲ್ಲಿ ಹೆಚ್ಚಿನವರು ಕಾಂಕ್ರೀಟು, ಉಕ್ಕು ಬಲ್ಲವರು. ಹಾಗಾಗಿ ಮರದ ಗೋಡೆಯಿಂದಲೇ ಶುರು ಮಾಡುತ್ತೇನೆ. ಅಮೆರಿಕ, ಕೆನಡಾಗಳಲ್ಲಿ ಮನೆಗಳು ಹೆಚ್ಚಾಗಿ ಮರದ ಚೌಕಟ್ಟಿನವು. ನಾಲ್ಕೈದು ಅಂತಸ್ತಿನ ಅಪಾರ್ಟ್‌ಮೆಂಟುಗಳನ್ನೂ ಹಾಗೇ ಕಟ್ಟುತ್ತಾರೆ. ಒಂದೂವರೆ ಇಂಚು ದಪ್ಪದ ಸ್ಟಡ್‌ಗಳನ್ನು, ಅಂದರೆ ಮರದ ನಿಲುಕಂಬಗಳನ್ನು, ಸಾಮಾನ್ಯವಾಗಿ 16 ಇಂಚಿಗೊಂದರಂತೆ ನಿಲ್ಲಿಸುತ್ತಾರೆ. ಕೆಳಗೆ ಒಂದು ಅಡ್ಡ ಪ್ಲೇಟು, ಮೇಲೆ ಜೋಡಿ ಪ್ಲೇಟು. ಆ ಚೌಕಟ್ಟಿಗೆ ಪ್ಲೈವುಡ್ ಅಥವಾ ಓಎಸ್‌ಬಿ (ಮರದ ಚಕ್ಕೆಗಳನ್ನು ಅಂಟಿಸಿ ಒತ್ತಿದ) ಹಲಗೆ ಇಟ್ಟು, ಅಂಚಿನುದ್ದಕ್ಕೂ ಒತ್ತೊತ್ತಾಗಿ ಮೊಳೆ ಹೊಡೆಯುತ್ತಾರೆ. ಹೀಗೆ ಮೊಳೆ ಬಿದ್ದ ಗೋಡೆಯೇ ಶಿಯರ್ ವಾಲ್. ಗಾಳಿ ಅಥವಾ ಭೂಕಂಪ ಮನೆಯನ್ನು ಪಕ್ಕಕ್ಕೆ ತಳ್ಳಿದಾಗ ತಡೆದು ನಿಲ್ಲುವುದು ಅದು.

ಎತ್ತರದ ಖಾಲಿ ಬೀರುವನ್ನು ಮೇಲ್ತುದಿಯಲ್ಲಿ ತಳ್ಳಿ ನೋಡಿ. ಒಂದೋ ಜಾರುತ್ತದೆ, ಇಲ್ಲ ಒಂದು ಕಾಲು ಏಳುತ್ತದೆ. ಗೋಡೆಗೂ ಅಷ್ಟೇ. ಜಾರದ ಹಾಗೆ ಹಿಡಿಯುವುದು ಕೆಳಪ್ಲೇಟಿನ ಆಂಕರ್ ಬೋಲ್ಟುಗಳು. ತುದಿ ಏಳದ ಹಾಗೆ ಹಿಡಿಯುವುದು ಹೋಲ್ಡ್-ಡೌನ್. ಇದೊಂದು ಮಡಿಸಿದ ಉಕ್ಕಿನ ಬ್ರಾಕೆಟ್ಟು. ಒಂದು ಕಡೆ ಸ್ಕ್ರೂಗಳಿಂದ ಗೋಡೆಯ ತುದಿಯ ಪೋಸ್ಟಿಗೆ ಅಂಟಿಕೊಂಡಿರುತ್ತದೆ. ಇನ್ನೊಂದು ಕಡೆ ಅದರ ತಳದ ತೂತಿನಿಂದ ಒಂದು ರಾಡು ಇಳಿದು ಕಾಂಕ್ರೀಟಿನೊಳಗೆ ಹೋಗುತ್ತದೆ.

ಇದನ್ನು ಕೈಯಲ್ಲಿ ಲೆಕ್ಕ ಹಾಕುವವರು ಈಗ ಕಡಿಮೆ. ಕೆನಡಿಯನ್ ವುಡ್ ಕೌನ್ಸಿಲ್ ಹೊರತರುವ ವುಡ್‌ವರ್ಕ್ಸ್‌ನ ಶಿಯರ್‌ವಾಲ್ಸ್ ಇದೆ. ಬೇರೆ ಪ್ರೋಗ್ರಾಮುಗಳಿವೆ. ಪ್ರತಿ ಆಫೀಸಿನಲ್ಲೂ ಯಾರೋ ಬರೆದಿಟ್ಟು ಹೋದ ಸ್ಪ್ರೆಡ್‌ಶೀಟುಗಳಿವೆ. ಗೋಡೆ ಬಿಡಿಸುತ್ತೀರಿ, ಕಿಟಕಿ ಬಾಗಿಲು ಇಡುತ್ತೀರಿ, ಲೋಡ್ ಕೊಡುತ್ತೀರಿ. ಗೋಡೆಯ ಎರಡೂ ತುದಿಯಲ್ಲಿ ಒಂದೊಂದು ಬಾಣ ಬರುತ್ತದೆ, ಪಕ್ಕದಲ್ಲಿ ಒಂದು ಸಂಖ್ಯೆ. ಕ್ಯಾಟಲಾಗ್ ತೆಗೆದು ಅದಕ್ಕಿಂತ ದೊಡ್ಡ ಹೋಲ್ಡ್-ಡೌನ್ ಆರಿಸಿದರೆ ಕೆಲಸ ಮುಗಿಯಿತು, ಅಲ್ವಾ?

ಮುಗಿಯುವುದಿಲ್ಲ. ಆ ಸಂಖ್ಯೆ ಬರುವ ಹೊತ್ತಿಗೆ ನಿಮ್ಮ ಹೆಸರಿನಲ್ಲಿ ನಾಲ್ಕೈದು ತೀರ್ಮಾನಗಳು ಆಗಿಹೋಗಿರುತ್ತವೆ. ಕೆಲವನ್ನು ಸೆಟ್ಟಿಂಗ್ಸ್ ಪುಟದ ಡೀಫಾಲ್ಟುಗಳು ಮಾಡಿರುತ್ತವೆ, ಕೆಲವನ್ನು ನೀವು ಖಾಲಿ ಬಿಟ್ಟ ಕಾಲಂಗಳು. ಇವತ್ತಿನ ಮಾತು ಆ ತೀರ್ಮಾನಗಳ ಬಗ್ಗೆ.

ಸರಳವಾದ ಗೋಡೆಯೊಂದನ್ನು ತೆಗೆದುಕೊಳ್ಳೋಣ. 8 ಅಡಿ ಉದ್ದ, 9 ಅಡಿ ಎತ್ತರ. ಮೇಲೆ 4,000 ಪೌಂಡ್ ಪಕ್ಕದ ತಳ್ಳು, ಅಲೋವಬಲ್ ಸ್ಟ್ರೆಸ್ ಮಟ್ಟದಲ್ಲಿ, ಅಂದರೆ ಸುರಕ್ಷತೆಯ ಅಂತರವನ್ನು ಸಾಮರ್ಥ್ಯದ ಕಡೆಯೇ ಕಳೆದಿಟ್ಟ ಮಟ್ಟದಲ್ಲಿ. ಉರುಳಿಸುವ ಮೊಮೆಂಟು, ಅಂದರೆ ಬಲ ಗುಣಿಸು ಎತ್ತರ, 36,000 ಅಡಿ-ಪೌಂಡ್. 8ರಿಂದ ಭಾಗಿಸಿದರೆ 4,500 ಪೌಂಡ್ ಟೆನ್ಶನ್ (ಎಳೆತ). ಪಠ್ಯಪುಸ್ತಕದ ಉತ್ತರ ಇದು.

ಆದರೆ ರಾಡು ಗೋಡೆಯ ತುತ್ತತುದಿಯಲ್ಲಿ ಇರುವುದಿಲ್ಲ. ತುದಿಯಲ್ಲಿ ಎರಡು ಸ್ಟಡ್ ಸೇರಿಸಿದ 3 ಇಂಚಿನ ಪೋಸ್ಟು. ಅದರ ಒಳಮೈಗೆ ಬ್ರಾಕೆಟ್ಟು. ಅಲ್ಲಿಂದ ಇನ್ನೂ ಒಂದು ಇಂಚು ಚಿಲ್ಲರೆ ಒಳಗೆ ರಾಡಿನ ನಡುಗೆರೆ. ಅಂದರೆ ತುದಿಯಿಂದ ಸುಮಾರು 4.4 ಇಂಚು ಒಳಗೆ. ಇನ್ನೊಂದು ತುದಿಯಲ್ಲಿ ಕಂಪ್ರೆಷನ್ (ಒತ್ತು) ಇಳಿಯುವುದು ಪೋಸ್ಟಿನ ನಡುವಿಗೆ, ಅದು 1.5 ಇಂಚು ಒಳಗೆ. ನಿಜವಾದ ಲಿವರ್ ಆರ್ಮ್, ಅಂದರೆ ಈ ಎರಡು ಬಲಗಳ ನಡುವಿನ ದೂರ, 96 ಇಂಚಲ್ಲ, ಸುಮಾರು 90 ಇಂಚು. ಟೆನ್ಶನ್ 4,800 ಪೌಂಡಿಗೆ ಏರುತ್ತದೆ. ಇಲ್ಲಿ ವ್ಯತ್ಯಾಸ ಶೇ 7ಕ್ಕಿಂತ ಕಡಿಮೆ. ಹೋಗಲಿ ಬಿಡಿ ಎನ್ನಬಹುದು.

ಈಗ ಗ್ಯಾರೇಜ್ ಬಾಗಿಲಿನ ಪಕ್ಕ, ದೊಡ್ಡ ಕಿಟಕಿಗಳ ನಡುವೆ ಬರುವಂಥ 3 ಅಡಿಯ ಗೋಡೆ ನೋಡಿ. ಎತ್ತರ ಅದೇ 9 ಅಡಿ, ತಳ್ಳು 900 ಪೌಂಡ್. 3ರಿಂದ ಭಾಗಿಸಿದರೆ 2,700. ಆದರೆ ಅದೇ 6 ಇಂಚು ಇಲ್ಲೂ ಕಳೆಯಬೇಕು. 36ರಲ್ಲಿ 6 ಹೋದರೆ 30 ಇಂಚು. ಟೆನ್ಶನ್ 3,240 ಪೌಂಡ್ ಆಯಿತು, ಶೇ 20 ಜಾಸ್ತಿ. ನಿಮ್ಮ ಹತ್ತಿರ 3,000 ಪೌಂಡಿನ ಹೋಲ್ಡ್-ಡೌನ್ ಇದ್ದರೆ ಮೊದಲ ಲೆಕ್ಕದಲ್ಲಿ ಪಾಸು, ಎರಡನೆಯದರಲ್ಲಿ ಫೇಲು. ಗೋಡೆ ಒಂದೇ, ಬ್ರಾಕೆಟ್ಟೂ ಒಂದೇ.

ಅಮೆರಿಕನ್ ವುಡ್ ಕೌನ್ಸಿಲ್‌ನ ಎಸ್‌ಡಿಪಿಡಬ್ಲ್ಯೂಎಸ್ ಎಂಬ ಮಾನದಂಡ ಈ ಪರಿಣಾಮಕಾರಿ ಉದ್ದಕ್ಕೆ ಪ್ರತ್ಯೇಕ ಚಿಹ್ನೆಯನ್ನೇ ಕೊಟ್ಟಿದೆ. ಸಾಫ್ಟ್‌ವೇರಿನಲ್ಲಿ ಇದು ಸಾಮಾನ್ಯವಾಗಿ ಹೋಲ್ಡ್-ಡೌನ್ ಆಫ್‌ಸೆಟ್ ಎಂಬ ಕಾಲಂ. ಅಲ್ಲಿ ಸೊನ್ನೆ ಇದ್ದರೆ ಪ್ರೋಗ್ರಾಮು ದೂರುವುದಿಲ್ಲ. ಇನ್ನೊಂದು ತೊಡಕೂ ಇದೆ. ಬಲ ಜಾಸ್ತಿಯಾದ ಹಾಗೆ ಪೋಸ್ಟು ದಪ್ಪವಾಗುತ್ತದೆ. ಪೋಸ್ಟು ದಪ್ಪವಾದರೆ ರಾಡು ಇನ್ನೂ ಒಳಗೆ ಸರಿಯುತ್ತದೆ, ಬಲ ಮತ್ತೆ ಏರುತ್ತದೆ. ಪೋಸ್ಟು ಬದಲಿಸಿದ ಮೇಲೆ ಆಫ್‌ಸೆಟ್ ಬದಲಿಸಲು ಮರೆಯುವುದು ನಾನು ಪರಿಶೀಲನೆಗೆ ಬಂದ ಲೆಕ್ಕಗಳಲ್ಲಿ ಮತ್ತೆ ಮತ್ತೆ ನೋಡುವ ಸಂಗತಿ.

ಡೆಡ್ ಲೋಡಿನ, ಅಂದರೆ ಕಟ್ಟಡದ ಸ್ವಂತ ಭಾರದ, ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಗೋಡೆಯ ಮೇಲೆ ಕೂತ ಭಾರ ತುದಿ ಏಳದಂತೆ ಒತ್ತುತ್ತದೆ, ಆದರೆ ಅದನ್ನು ಪೂರ್ತಿ ನಂಬುವ ಹಾಗಿಲ್ಲ. ಕಟ್ಟಡದ ಮೇಲಿನ ಭಾರಗಳಿಗೆ ಅಮೆರಿಕದ ಮಾನದಂಡವಾದ ಎಎಸ್‌ಸಿಇ 7ರ ಪ್ರಕಾರ ಗಾಳಿಗೆ ಅದರ 0.6 ಪಾಲು ಮಾತ್ರ. ಭೂಕಂಪದಲ್ಲಿ ನೆಲ ಮೇಲಕ್ಕೂ ಕುಲುಕುವುದರಿಂದ ಅದರಲ್ಲೂ ಕಡಿತ. ಕಂಪನ ಜೋರಾಗಿರುವ ಜಾಗದಲ್ಲಿ, ಆ ಜೋರನ್ನು ಹೇಳುವ ಎಸ್‌ಡಿಎಸ್ ಮೌಲ್ಯ 1.0 ಇದ್ದರೆ, ಉಳಿಯುವುದು 0.46. ನಮ್ಮ 8 ಅಡಿ ಗೋಡೆಯ ಮೇಲೆ ಅಡಿಗೆ 200 ಪೌಂಡ್ ಭಾರ ಇದೆ ಎಂದುಕೊಳ್ಳಿ. ಗಾಳಿಗೆ ಟೆನ್ಶನ್ 4,300ಕ್ಕೆ ಇಳಿಯುತ್ತದೆ, ಭೂಕಂಪಕ್ಕೆ 4,400ಕ್ಕೆ. ಸಾಫ್ಟ್‌ವೇರ್ ಇದನ್ನೆಲ್ಲ ಚೆನ್ನಾಗಿಯೇ ಮಾಡುತ್ತದೆ. ನೀವು ನೋಡಬೇಕಾದದ್ದು ಒಂದೇ. ಆ 200 ಎಲ್ಲಿಂದ ಬಂತು? ಕೆಳಕ್ಕೆ ಒತ್ತುವ ಭಾರದ ಲೆಕ್ಕದಲ್ಲಿ ಜಾಸ್ತಿ ಹಿಡಿದರೆ ಅದು ಸುರಕ್ಷಿತ. ಏಳುವುದನ್ನು ತಡೆಯುವ ಲೆಕ್ಕದಲ್ಲಿ ಜಾಸ್ತಿ ಹಿಡಿದರೆ ಅದೇ ಅಪಾಯ. ಒಂದೇ ಮಾಡೆಲಿನಲ್ಲಿ ಎರಡಕ್ಕೂ ಒಂದೇ ಸಂಖ್ಯೆ ಹಾಕುವವರು ಈ ತಿರುವನ್ನು ಮರೆಯುತ್ತಾರೆ.

ಈಗ ನಾನು ಇವತ್ತು ಮುಖ್ಯವಾಗಿ ಹೇಳಬೇಕೆಂದಿದ್ದ ವಿಷಯಕ್ಕೆ ಬರುತ್ತೇನೆ. ಹೋಲ್ಡ್-ಡೌನ್ ಎಷ್ಟು ಹೊರುತ್ತದೆ ಎನ್ನುವುದಕ್ಕಿಂತ ಎಷ್ಟು ಹಿಗ್ಗುತ್ತದೆ ಎನ್ನುವುದೇ ಬಹಳ ಸಲ ಗೋಡೆಯ ಹಣೆಬರಹ ಬರೆಯುತ್ತದೆ.

1994ರ ಜನವರಿ 17ರಂದು ಲಾಸ್ ಏಂಜಲಿಸ್ ಹತ್ತಿರ ನಾರ್ತ್‌ರಿಡ್ಜ್ ಭೂಕಂಪ ಆಯಿತು, ತೀವ್ರತೆ 6.7. ನಾರ್ತ್‌ರಿಡ್ಜ್ ಮೆಡೋಸ್ ಎಂಬ ಮೂರು ಅಂತಸ್ತಿನ ಮರದ ಅಪಾರ್ಟ್‌ಮೆಂಟಿನ ನೆಲಮಹಡಿ ಕುಸಿದು 16 ಜನ ಸತ್ತರು. ಅದರ ನಂತರ ಎಂಜಿನಿಯರುಗಳು ಮರದ ಗೋಡೆಗಳನ್ನು ಬಿಚ್ಚಿ ಬಿಚ್ಚಿ ನೋಡಿದರು. ಕೆಳಪ್ಲೇಟುಗಳು ಉದ್ದಕ್ಕೆ ಸೀಳಿದ್ದವು. ಆಗಿನ ಹೋಲ್ಡ್-ಡೌನುಗಳು ಪೋಸ್ಟಿಗೆ ಬೋಲ್ಟಿನಿಂದ ಕೂರುತ್ತಿದ್ದವು. ಬೋಲ್ಟಿಗಿಂತ ತೂತು ದೊಡ್ಡದಾಗಿದ್ದರೆ, ಬಲ ಹಿಡಿಯುವ ಮೊದಲೇ ಅವು ಅಷ್ಟು ದೂರ ಜಾರುತ್ತಿದ್ದವು. ಕಿರಿದಾದ ಗೋಡೆಗಳು ಲೆಕ್ಕದಲ್ಲಿ ಹೇಳಿದ್ದಕ್ಕಿಂತ ತುಂಬಾ ಜಾಸ್ತಿ ವಾಲಿದ್ದವು. ಅಲ್ಲಿಂದ ನಿಯಮಗಳು ಬಿಗಿಯಾದವು. ಹೆಚ್ಚು ಭೂಕಂಪದ ವಲಯಗಳಲ್ಲಿ ಗೋಡೆಯ ಎತ್ತರ ಉದ್ದದ ಮೂರೂವರೆ ಪಟ್ಟು ಇರಬಹುದಾಗಿದ್ದದ್ದು 1997ರ ಯೂನಿಫಾರ್ಮ್ ಬಿಲ್ಡಿಂಗ್ ಕೋಡ್‌ನಲ್ಲಿ ಎರಡು ಪಟ್ಟಿಗೆ ಇಳಿಯಿತು. ಈಗ ಮತ್ತೆ ಮೂರೂವರೆವರೆಗೆ ಹೋಗಬಹುದು, ಆದರೆ ಎರಡು ದಾಟಿದರೆ ಸಾಮರ್ಥ್ಯಕ್ಕೆ ಕಡಿತ. ಪ್ಲೇಟಿನ ಬೋಲ್ಟುಗಳಿಗೆ 3 ಇಂಚು ಚೌಕದ ದಪ್ಪ ವಾಷರ್ ಬಂತು. ಬೋಲ್ಟಿನ ಜಾಗಕ್ಕೆ ಸ್ಕ್ರೂನಿಂದ ಕೂರುವ ಹೋಲ್ಡ್-ಡೌನುಗಳು ಬಂದವು.

ಎಸ್‌ಡಿಪಿಡಬ್ಲ್ಯೂಎಸ್‌ನ ಸೂತ್ರದಲ್ಲಿ ಗೋಡೆಯ ವಾಲುವಿಕೆಗೆ ಮೂರು ತುಣುಕು. ತುದಿಯ ಪೋಸ್ಟುಗಳು ಹಿಗ್ಗಿ ಕುಗ್ಗಿ ಆಗುವ ಬಾಗು ಒಂದು. ಹಲಗೆ ಮತ್ತು ಮೊಳೆಗಳ ಸಡಿಲಿಕೆ ಎರಡು. ಮೂರನೆಯದು ಆಂಕರಿನ ಒಟ್ಟು ಹಿಗ್ಗು. ಈ ಮೂರನೆಯದರ ಲೆಕ್ಕ ತುಂಬಾ ಸುಲಭ. ಎತ್ತರವನ್ನು ಉದ್ದದಿಂದ ಭಾಗಿಸಿ, ಹಿಗ್ಗಿನಿಂದ ಗುಣಿಸಿದರೆ ಆಯಿತು.

ವಾಲುವಿಕೆಯನ್ನು ಲೆಕ್ಕ ಹಾಕುವುದು ಸ್ಟ್ರೆಂತ್ ಮಟ್ಟದಲ್ಲಿ, ಅಂದರೆ ನಮ್ಮ ಅಲೋವಬಲ್ ಮಟ್ಟದ ತಳ್ಳನ್ನು 0.7ರಿಂದ ಭಾಗಿಸಿ ದೊಡ್ಡದು ಮಾಡಿಕೊಂಡು. ಹಿಗ್ಗು ಎಂಟನೇ ಒಂದು ಇಂಚು ಎಂದಿಟ್ಟುಕೊಳ್ಳೋಣ. 8 ಅಡಿ ಗೋಡೆಯಲ್ಲಿ ಅದು 0.14 ಇಂಚು ವಾಲುವಿಕೆ. ಹಲಗೆಯ ಬಿಗಿತ ಇಂಚಿಗೆ 20 ಕಿಪ್ (ಒಂದು ಕಿಪ್ ಅಂದರೆ 1,000 ಪೌಂಡ್) ಎಂದು ಹಿಡಿದರೆ ಮೊಳೆ-ಹಲಗೆಯ ಪಾಲು 0.32, ಬಾಗಿನ ಪಾಲು 0.03. ಒಟ್ಟು ಅರ್ಧ ಇಂಚು. ಇಲ್ಲಿ ಮೊಳೆಗಳದೇ ರಾಜ್ಯಭಾರ.

3 ಅಡಿ ಗೋಡೆಯಲ್ಲಿ ಮೊಳೆ-ಹಲಗೆ 0.19, ಬಾಗು 0.05, ಹೋಲ್ಡ್-ಡೌನ್ 0.38. ಒಟ್ಟು 0.62 ಇಂಚು. ಅರ್ಧಕ್ಕಿಂತ ಜಾಸ್ತಿ ಪಾಲು ಒಂದು ಬ್ರಾಕೆಟ್ಟಿನದು! ಮೊಳೆ ಎಷ್ಟು ಒತ್ತಾಗಿ ಹೊಡೆದರೂ ಈ ಪಾಲು ಕಮ್ಮಿಯಾಗುವುದಿಲ್ಲ.

ಇದು ದಾಟಬಾರದ ಗೆರೆ ಎಲ್ಲಿದೆ? ಸಾಮಾನ್ಯ ವಸತಿ ಕಟ್ಟಡ, ನಾಲ್ಕು ಅಂತಸ್ತಿನ ಒಳಗೆ, ಒಳಗೋಡೆಗಳು ಅಷ್ಟು ವಾಲುವಿಕೆ ತಾಳುವಂತಿದ್ದರೆ, ಎಎಸ್‌ಸಿಇ 7 ಎತ್ತರದ ಶೇ 2.5ರವರೆಗೆ ಬಿಡುತ್ತದೆ. 9 ಅಡಿಗೆ 2.7 ಇಂಚು. ಆದರೆ ಲೆಕ್ಕದ ವಾಲುವಿಕೆಯನ್ನು 4ರಿಂದ ಗುಣಿಸಿ ಹೋಲಿಸಬೇಕು. ಅದು ಈ ಬಗೆಯ ಗೋಡೆಗೆ ಕೊಟ್ಟಿರುವ ಸಿಡಿ ಗುಣಕ, ಲೆಕ್ಕದ ವಾಲುವಿಕೆಯನ್ನು ಭೂಕಂಪದಲ್ಲಿ ನಿಜವಾಗಿ ಆಗುವಷ್ಟಕ್ಕೆ ಏರಿಸುವ ಸಂಖ್ಯೆ. 0.62 ಗುಣಿಸು 4 ಅಂದರೆ 2.48. ಪಾಸು, ಕೂದಲೆಳೆಯಲ್ಲಿ.

ಇಲ್ಲಿ ಸುಮ್ನೆ ಬಿಟ್ಟರೆ ಚೆನ್ನಾಗಿತ್ತು. ಆದರೆ ಮರ ಒಣಗುತ್ತದೆ.

ಈ ಗೋಡೆ ಎರಡನೇ ಮಹಡಿಯಲ್ಲಿದೆ ಎಂದುಕೊಳ್ಳಿ. ಅದರ ಹೋಲ್ಡ್-ಡೌನಿನ ರಾಡು ನೆಲದ ಚೌಕಟ್ಟನ್ನು ದಾಟಿ ಕೆಳಗಿನ ಗೋಡೆಯ ಹೋಲ್ಡ್-ಡೌನಿಗೆ ಸೇರುತ್ತದೆ. ಎರಡು ಬ್ರಾಕೆಟ್ಟುಗಳ ನಡುವೆ ಅಡ್ಡ ಮಲಗಿದ ಮರ ಎಷ್ಟಿದೆ? ಕೆಳಪ್ಲೇಟು ಒಂದೂವರೆ ಇಂಚು, ಜಾಯಿಸ್ಟು (ನೆಲ ಹೊರುವ ತೊಲೆ) ಹನ್ನೊಂದೂ ಕಾಲು, ಜೋಡಿ ಮೇಲ್ಪ್ಲೇಟು ಮೂರು. ಒಟ್ಟು 15.75 ಇಂಚು. ಮರ ಎಳೆಯ ಉದ್ದಕ್ಕೆ ಹೆಚ್ಚುಕಮ್ಮಿ ಕುಗ್ಗುವುದೇ ಇಲ್ಲ. ಎಳೆಗೆ ಅಡ್ಡಲಾಗಿ, ತೇವಾಂಶ ಶೇ 1 ಇಳಿದಾಗ, ಇಂಚಿಗೆ ಸುಮಾರು 0.0025 ಇಂಚು ಕುಗ್ಗುತ್ತದೆ. ಒಣಗಿದ್ದು ಎಂದು ಮುದ್ರೆ ಬಿದ್ದ ಮರದಲ್ಲೂ ಶೇ 19ರವರೆಗೆ ತೇವ ಇರಬಹುದು. ಮನೆಯೊಳಗೆ ಹೀಟರ್ ಓಡಿದ ಮೇಲೆ ಅದು 9ಕ್ಕೆ ಬರಬಹುದು. ಲೆಕ್ಕ ಹಾಕಿ: 0.39 ಇಂಚು. ಅಂದರೆ ಬಿಗಿ ಮಾಡಿದ್ದ ನಟ್ಟಿನ ಕೆಳಗೆ ಸುಮಾರು ಒಂದು ಸೆಂಟಿಮೀಟರಿನಷ್ಟು ಸಂದು. ಗೋಡೆ ಅಷ್ಟು ಎದ್ದ ಮೇಲೇ ಹೋಲ್ಡ್-ಡೌನ್ ಕೆಲಸ ಶುರು ಮಾಡುವುದು.

ನಮ್ಮ ಗೋಡೆಯಲ್ಲಿ ಎತ್ತರ-ಉದ್ದದ ಅನುಪಾತ ಮೂರು. ಸಂದು ಮೂರು ಪಟ್ಟಾಗಿ ಮೇಲೆ 1.18 ಇಂಚಿನ ವಾಲುವಿಕೆ ಆಗುತ್ತದೆ. ಇದನ್ನೂ 4ರಿಂದ ಗುಣಿಸಬೇಕೇ? ಇಲ್ಲಿ ಎಂಜಿನಿಯರುಗಳಲ್ಲಿ ಜಗಳ ಇದೆ. ಸಂದು ಬಲದ ಜೊತೆ ಬೆಳೆಯುವುದಿಲ್ಲ, ಇದ್ದಷ್ಟೇ ಇರುತ್ತದೆ. ಹಾಗಾಗಿ ಅದನ್ನು ಗುಣಿಸುವುದರಲ್ಲಿ ಅರ್ಥವಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಆದರೆ ಸೂತ್ರದೊಳಗೆ ಹಿಗ್ಗಿನ ಜೊತೆಗೇ ಸೇರಿಸುವ ಪ್ರೋಗ್ರಾಮು ತಾನಾಗಿಯೇ ಗುಣಿಸಿಬಿಡುತ್ತದೆ. ನಿಮ್ಮದು ಏನು ಮಾಡುತ್ತದೆ ಎಂದು ಒಂದು ಗೋಡೆ ಹಾಕಿ ಪರೀಕ್ಷಿಸಿ. ನಮ್ಮ ಉದಾಹರಣೆಯಲ್ಲಂತೂ ಜಗಳಕ್ಕೆ ಅರ್ಥವಿಲ್ಲ. ಗುಣಿಸದಿದ್ದರೂ 2.48ಕ್ಕೆ 1.18 ಸೇರಿ 3.66. ಮಿತಿ 2.7. ಗುಣಿಸಿದರೆ 7 ದಾಟುತ್ತದೆ. ಎರಡೂ ದಾರಿಯಲ್ಲಿ ಗೋಡೆ ಫೇಲು. ಬಲದ ಲೆಕ್ಕದಲ್ಲಿ ಮಾತ್ರ ಹಸಿರು ಟಿಕ್ ಹಾಗೇ ಉಳಿದಿರುತ್ತದೆ.

ಪರಿಹಾರ ಏನು? ದೊಡ್ಡ ಹೋಲ್ಡ್-ಡೌನ್ ಅಲ್ಲ. ಜಾಯಿಸ್ಟನ್ನು ಐ-ಜಾಯಿಸ್ಟಿಗೆ (ಕಾರ್ಖಾನೆಯಲ್ಲಿ ಮಾಡಿದ, ಅಷ್ಟಾಗಿ ಕುಗ್ಗದ ತೊಲೆಗೆ) ಬದಲಿಸಿದರೆ ಕುಗ್ಗುವ ಮರ ಹೆಚ್ಚುಕಮ್ಮಿ ಪ್ಲೇಟುಗಳ 4.5 ಇಂಚು ಮಾತ್ರ. ಸಂದು 0.11ಕ್ಕೆ ಇಳಿಯುತ್ತದೆ. ಆಗಲೂ ಒಟ್ಟು 2.8ರ ಸುತ್ತ, ಇನ್ನೂ ಸ್ವಲ್ಪ ಹೊರಗೇ. ಹಾಗಾಗಿ ಕುಗ್ಗಿದಂತೆ ತಾನೇ ಇಳಿದು ಸಂದು ಮುಚ್ಚುವ ಸಾಧನಗಳನ್ನು ನಟ್ಟಿನ ಕೆಳಗೆ ಹಾಕುತ್ತಾರೆ. ಕೆಲವದರಲ್ಲಿ ಸ್ಪ್ರಿಂಗ್, ಕೆಲವದರಲ್ಲಿ ಒಂದೇ ದಿಕ್ಕಿಗೆ ಜಾರುವ ಹಲ್ಲು. ನಾಲ್ಕೈದು ಅಂತಸ್ತಿನ ಕಟ್ಟಡದಲ್ಲಿ ಕುಗ್ಗು ಅಂತಸ್ತಿನಿಂದ ಅಂತಸ್ತಿಗೆ ಕೂಡುತ್ತಾ ಹೋಗುತ್ತದೆ. ಅಲ್ಲಿ ತಳಪಾಯದಿಂದ ಚಾವಣಿಯವರೆಗೆ ಒಂದೇ ರಾಡು ಹಾಕಿ, ಪ್ರತಿ ಮಹಡಿಯಲ್ಲೂ ಇಂಥ ಸಾಧನ ಇಡುವುದು ಈಗ ಸಾಮಾನ್ಯ. 2009ರ ಜುಲೈನಲ್ಲಿ ಜಪಾನಿನ ಮಿಕಿಯಲ್ಲಿರುವ ಇ-ಡಿಫೆನ್ಸ್ ಎಂಬ ದೊಡ್ಡ ಶೇಕ್ ಟೇಬಲ್ (ಭೂಕಂಪದಂತೆ ಅಲುಗಿಸುವ ವೇದಿಕೆ) ಮೇಲೆ ಆರು ಅಂತಸ್ತಿನ ಮರದ ಕಟ್ಟಡವನ್ನು ನಿಲ್ಲಿಸಿ ಅಲ್ಲಾಡಿಸಿದಾಗಲೂ ಉರುಳುವುದನ್ನು ತಡೆಯಲು ರಾಡುಗಳನ್ನೇ ನಂಬಿದ್ದರು.

ರಾಡು ಅಂದ ಕೂಡಲೇ ಅದೂ ಹಿಗ್ಗುತ್ತದೆ ಎಂಬುದು ನೆನಪಿರಲಿ. ಮುಕ್ಕಾಲು ಇಂಚಿಗಿಂತ ಒಂದು ಹೆಜ್ಜೆ ದೊಡ್ಡದಾದ ಎಂಟನೇ ಏಳು ಇಂಚಿನ ತ್ರೆಡ್ಡೆಡ್ ರಾಡಿನಲ್ಲಿ 15,000 ಪೌಂಡ್ ಇದ್ದರೆ, 10 ಅಡಿಯ ಅಂತಸ್ತಿಗೆ 0.13 ಇಂಚು ಹಿಗ್ಗು. ಬ್ರಾಕೆಟ್ಟಿನ ಹಿಗ್ಗಿನಷ್ಟೇ ಆಯಿತು. ಸಾಫ್ಟ್‌ವೇರಿನ ಹೋಲ್ಡ್-ಡೌನ್ ಪಟ್ಟಿಯಲ್ಲಿ ಕ್ಯಾಟಲಾಗಿನ ಹಿಗ್ಗು ಮಾತ್ರ ಇರುತ್ತದೆ. ರಾಡಿನದು, ಸಂದಿನದು, ವಾಷರ್ ಕೆಳಗೆ ಮರ ನಜ್ಜಾಗುವುದರದು, ಇವೆಲ್ಲ ನೀವು ತುಂಬಬೇಕಾದ ಕಾಲಂಗಳು. ಕ್ಯಾಟಲಾಗಿನ ಹಿಗ್ಗು ಕೂಡ ಪೂರ್ತಿ ಅಲೋವಬಲ್ ಲೋಡಿನಲ್ಲಿ ಅಳೆದದ್ದು. ವಾಲುವಿಕೆಯ ಲೆಕ್ಕವೋ ಸ್ಟ್ರೆಂತ್ ಮಟ್ಟದಲ್ಲಿ ನಡೆಯುತ್ತದೆ. ನಿಮ್ಮ ಬಲಕ್ಕೆ ತಕ್ಕಂತೆ ಪ್ರೋಗ್ರಾಮು ಅದನ್ನು ಹಿಗ್ಗಿಸುತ್ತದೋ ಕುಗ್ಗಿಸುತ್ತದೋ ನೋಡಿಕೊಳ್ಳಿ.

ಹಿಗ್ಗು ವಾಲುವಿಕೆಗೆ ಮಾತ್ರ ಸಂಬಂಧಿಸಿದ್ದು ಎಂದುಕೊಂಡರೆ ಅದೂ ಸಾಲದು. ನಮ್ಮ ಎರಡು ಗೋಡೆಗಳು ಒಂದೇ ಸಾಲಿನಲ್ಲಿ ಇವೆ ಎಂದುಕೊಳ್ಳಿ. ಸಾಲಿಗೆ ಬಂದ ಬಲವನ್ನು ಉದ್ದದ ಪ್ರಕಾರ ಹಂಚಿದರೆ 3 ಅಡಿ ಗೋಡೆಗೆ ಶೇ 27. ಬಿಗಿತದ ಪ್ರಕಾರ ಹಂಚಿದರೆ ಶೇ 15. ಉಳಿದದ್ದು ದೊಡ್ಡ ಗೋಡೆಯ ತಲೆಗೆ. ಅದರ ಹೋಲ್ಡ್-ಡೌನ್ ಮೇಲೆ ಬಲ ಆರನೇ ಒಂದು ಪಾಲು ಏರುತ್ತದೆ. ಹೀಗೆ ಸಣ್ಣ ಗೋಡೆಯ ಬ್ರಾಕೆಟ್ಟು ಎಷ್ಟು ಹಿಗ್ಗುತ್ತದೆ ಎನ್ನುವುದು ದೊಡ್ಡ ಗೋಡೆಯ ಬ್ರಾಕೆಟ್ಟು ಎಷ್ಟು ಹೊರಬೇಕು ಎಂದು ತೀರ್ಮಾನಿಸುತ್ತದೆ. ರಿಜಿಡ್ ಡಯಾಫ್ರಮ್ ಆದರೆ, ಅಂದರೆ ಗೋಡೆಗಳಿಗೆ ಬಲ ಹಂಚುವ ಮೇಲಿನ ನೆಲ ಬಾಗದಷ್ಟು ಗಟ್ಟಿಯಾಗಿದ್ದರೆ, ಇಡೀ ಮಹಡಿಯ ಗೋಡೆಗಳೆಲ್ಲ ಹೀಗೆ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ.

ಸಾಫ್ಟ್‌ವೇರ್ ಇದನ್ನು ಸುತ್ತು ಸುತ್ತಾಗಿ ಬಿಡಿಸುತ್ತದೆ. ಬಲ ಹಂಚುತ್ತದೆ, ಹೋಲ್ಡ್-ಡೌನ್ ಆರಿಸುತ್ತದೆ, ಹಿಗ್ಗು ತೆಗೆದು ಬಿಗಿತ ಲೆಕ್ಕ ಹಾಕಿ ಮತ್ತೆ ಬಲ ಹಂಚುತ್ತದೆ. ನಿಜ ಹೇಳಬೇಕೆಂದರೆ, ಕಂಪ್ಯೂಟರು ಇಲ್ಲದೆ ಇದನ್ನು ಮಾಡುವ ತಾಳ್ಮೆ ಯಾರಿಗೂ ಇಲ್ಲ. ಆದರೆ ಹೋಲ್ಡ್-ಡೌನುಗಳು ನುಣ್ಣಗೆ ಬದಲಾಗುವ ವಸ್ತುವಲ್ಲ. ಕ್ಯಾಟಲಾಗಿನಲ್ಲಿ ಅವು ಹೆಜ್ಜೆ ಹೆಜ್ಜೆಯಾಗಿ ಇವೆ. ಗಡಿಯಲ್ಲಿರುವ ಗೋಡೆ ಒಂದು ಸುತ್ತಿನಲ್ಲಿ ಸಣ್ಣದು ಬೇಡುತ್ತದೆ, ಮುಂದಿನ ಸುತ್ತಿನಲ್ಲಿ ದೊಡ್ಡದು. ಲೆಕ್ಕ ಆ ಎರಡರ ನಡುವೆ ಓಲಾಡುತ್ತಾ ಕೂರುತ್ತದೆ. ಆಗ ದೊಡ್ಡದನ್ನೇ ಕೈಯಾರೆ ಗಟ್ಟಿ ಮಾಡಿ ಮುಂದೆ ಹೋಗಿ.

ಎಲ್ಲರ ಕಣ್ಣೂ ಏಳುವ ತುದಿಯ ಮೇಲೆ. ಇನ್ನೊಂದು ತುದಿಯಲ್ಲಿ ಪೋಸ್ಟು ಕೆಳಪ್ಲೇಟನ್ನು ಒತ್ತುತ್ತಿರುತ್ತದೆ. ಎಳೆಗೆ ಅಡ್ಡವಾಗಿ ಮರ ಮೆತ್ತಗೆ. ಸ್ಪ್ರೂಸ್-ಪೈನ್-ಫರ್ ಮರಕ್ಕೆ ಚದರ ಇಂಚಿಗೆ 425 ಪೌಂಡ್, ಡಗ್ಲಸ್ ಫರ್‌ಗೆ 625. ಎರಡು 2-4 (ಒಂದೂವರೆ ಇಂಚಿಗೆ ಮೂರೂವರೆ ಇಂಚು) ಸ್ಟಡ್‌ಗಳ ಪೋಸ್ಟಿನ ತಳ 10.5 ಚದರ ಇಂಚು. ಸ್ಪ್ರೂಸ್ ಪ್ಲೇಟಿನ ಮೇಲೆ ಅದು ತಾಳುವುದು 4,460 ಪೌಂಡ್. ನಮ್ಮ 8 ಅಡಿ ಗೋಡೆಯಲ್ಲಿ ಉರುಳಿಸುವ ಬಲವೇ 4,800, ಅದರ ಮೇಲೆ ಚಾವಣಿಯ ಭಾರ ಬೇರೆ. ಹೋಲ್ಡ್-ಡೌನ್ ಗಟ್ಟಿಯಾಗಿದೆ, ಎದುರು ತುದಿ ಪ್ಲೇಟಿನೊಳಗೆ ಇಳಿಯುತ್ತಿದೆ. ಹಲವು ಪ್ರೋಗ್ರಾಮುಗಳು ಕಂಪ್ರೆಷನ್ ಬಲವನ್ನು ಪಟ್ಟಿಯಲ್ಲಿ ತೋರಿಸಿ ಸುಮ್ಮನಾಗುತ್ತವೆ. ಪ್ಲೇಟು ತಾಳುತ್ತದೆಯೇ ಎಂದು ನೀವೇ ನೋಡಬೇಕು.

ಕೆಲಸದ ಜಾಗದ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಹೋಲ್ಡ್-ಡೌನ್ ಯಾವ ಪೋಸ್ಟಿಗೆ ಕೂತಿದೆಯೋ ಅದೇ ಪೋಸ್ಟಿಗೆ ಹಲಗೆಯ ಅಂಚಿನ ಮೊಳೆಗಳು ಬೀಳಬೇಕು. ಹೊರಗಿನ ಸ್ಟಡ್‌ಗೆ ಮೊಳೆ, ಒಳಗಿನ ಸ್ಟಡ್‌ಗೆ ಬ್ರಾಕೆಟ್ಟು, ಎರಡರ ನಡುವೆ ಜೋಡಣೆ ಹೆಸರಿಗೆ ಎರಡು ಮೊಳೆ. ಹೀಗಿದ್ದರೆ ಬಲ ಹಲಗೆಯಿಂದ ಬ್ರಾಕೆಟ್ಟಿಗೆ ತಲುಪುವ ದಾರಿಯೇ ಇಲ್ಲ. ಯಾವ ಮಾಡೆಲಿನಲ್ಲೂ ಇದು ಕಾಣುವುದಿಲ್ಲ. ಡ್ರಾಯಿಂಗಿನಲ್ಲಿ ಬರೆಯಲೇಬೇಕು.

ಕೊನೆಗೆ ಕಾಂಕ್ರೀಟು. ಸಾಫ್ಟ್‌ವೇರ್ ಬಹುಪಾಲು ಬ್ರಾಕೆಟ್ಟಿನವರೆಗೆ ಬಂದು ನಿಲ್ಲುತ್ತದೆ. ರಾಡು ಕಾಂಕ್ರೀಟಿನಲ್ಲಿ ಹಿಡಿಯುತ್ತದೆಯೇ ಎನ್ನುವುದು ಎಸಿಐ 318 ಎಂಬ ಅಮೆರಿಕದ ಕಾಂಕ್ರೀಟ್ ಸಂಹಿತೆಯ 17ನೇ ಅಧ್ಯಾಯದ ವಿಷಯ. ಎರಡು ಲೋಕಗಳ ಭಾಷೆ ಬೇರೆ. ಹೋಲ್ಡ್-ಡೌನ್ ಕ್ಯಾಟಲಾಗು ಅಲೋವಬಲ್ ಮಟ್ಟದ್ದು, ಕಾಂಕ್ರೀಟ್ ಆಂಕರಿನ ಲೆಕ್ಕ ಸ್ಟ್ರೆಂತ್ ಮಟ್ಟದ್ದು. ಭೂಕಂಪದ 4,400 ಪೌಂಡನ್ನು 0.7ರಿಂದ ಭಾಗಿಸಿದರೆ ಸುಮಾರು 6,290. ಆ 4,400ನ್ನೇ ಆಂಕರ್ ಪ್ರೋಗ್ರಾಮಿಗೆ ಟೈಪ್ ಮಾಡಿದರೆ ಅದು ಖುಷಿಯಿಂದ ಪಾಸು ಮಾಡುತ್ತದೆ. ಭೂಕಂಪದ ಪ್ರದೇಶದಲ್ಲಿ ರಾಡು ಮೊದಲು ಎಳೆದು ಮಣಿಯುವಂತೆ ವಿನ್ಯಾಸ ಮಾಡದಿದ್ದರೆ ಇನ್ನೂ ಕಷ್ಟ. ಓವರ್‌ಸ್ಟ್ರೆಂತ್ ಗುಣಕ ಬರುತ್ತದೆ, ಅಂದರೆ ಭೂಕಂಪದ ಬಲವನ್ನೇ ಅಷ್ಟು ಪಟ್ಟು ಏರಿಸಿ ಹಿಡಿಯಬೇಕು. ಈ ಗೋಡೆಗಳಿಗೆ ಅದು 3, ಡಯಾಫ್ರಮ್ ಫ್ಲೆಕ್ಸಿಬಲ್ ಆದರೆ 2.5.

ಜಾಗದ ಸಮಸ್ಯೆಯೂ ಇದೆ. ರಾಡನ್ನು ಎಳೆದಾಗ ಕಾಂಕ್ರೀಟು ಒಂದು ಕೋನಿನಂತೆ ಕಿತ್ತು ಬರುತ್ತದೆ. ಅದು ಹರಡಲು ಪ್ರತಿ ಕಡೆ ಹುದುಗಿದ ಆಳದ ಒಂದೂವರೆ ಪಟ್ಟು ಜಾಗ ಬೇಕು. 10 ಇಂಚು ಆಳಕ್ಕೆ 15 ಇಂಚು. ಹೊರಗೋಡೆಯ 2-4 ಪ್ಲೇಟು ತಳಪಾಯದ ಅಂಚಿಗೆ ಸಮವಾಗಿ ಕೂತಿದ್ದರೆ ರಾಡಿನಿಂದ ಅಂಚಿಗೆ ಇರುವುದು 1.75 ಇಂಚು. ಸಾಮರ್ಥ್ಯದ ದೊಡ್ಡ ಪಾಲು ಅಲ್ಲೇ ಸೋರಿ ಹೋಗುತ್ತದೆ. ಗೋಡೆಯ ಮೂಲೆಯಾದರೆ ಎರಡು ಕಡೆಯಿಂದ.

ಇನ್ನು ಪ್ರಶ್ನೆಗಳು.

ಹೋಲ್ಡ್-ಡೌನ್ ಇಲ್ಲದೆಯೇ ಗೋಡೆ ನಿಲ್ಲುವುದಿಲ್ಲವೇ ಎಂದು ಒಬ್ಬರು ಕೇಳಿದರು. ನಿಲ್ಲಬಹುದು. ಡೆಡ್ ಲೋಡು ಸಾಕಷ್ಟಿದ್ದರೆ ತುದಿ ಏಳುವುದೇ ಇಲ್ಲ, ಸಾಫ್ಟ್‌ವೇರ್ ಅಲ್ಲಿ ಬಾಣ ತೋರಿಸುವುದಿಲ್ಲ. ಕೆನಡಾದ ಮರದ ವಿನ್ಯಾಸದ ಮಾನದಂಡವಾದ ಸಿಎಸ್‌ಎ ಒ86 ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹೋಲ್ಡ್-ಡೌನ್ ಇಲ್ಲದ ಗೋಡೆಗೂ ಕಡಿತದ ಗುಣಕ ಹಾಕಿ ಸಾಮರ್ಥ್ಯ ಕೊಡುತ್ತದೆ. ಅಲ್ಲಿ ಕೆಳಪ್ಲೇಟಿನ ಮೊಳೆಗಳಲ್ಲಿ ಒಂದಷ್ಟು ಏಳದಂತೆ ಹಿಡಿಯುವ ಕೆಲಸಕ್ಕೆ ಹೋಗುತ್ತವೆ, ಅದಕ್ಕೇ ಕಡಿತ. ಅಮೆರಿಕದ ಫೈಲನ್ನು ಕೆನಡಾದ ಆವೃತ್ತಿಯಲ್ಲಿ ತೆರೆದು ಉತ್ತರ ಯಾಕೆ ಬೇರೆ ಎಂದು ತಲೆ ಕೆಡಿಸಿಕೊಳ್ಳಬೇಡಿ.

ಕಿಟಕಿಗಳಿರುವ ಉದ್ದದ ಗೋಡೆಯಲ್ಲಿ ಪ್ರತಿ ತುಂಡಿಗೂ ಎರಡೆರಡು ಬೇಕೇ ಎನ್ನುವುದು ಇನ್ನೊಂದು ಪ್ರಶ್ನೆ. ತುಂಡು ತುಂಡಾಗಿ ಲೆಕ್ಕ ಹಾಕಿದರೆ ಬೇಕು, ಮೂರು ತುಂಡಿಗೆ ಆರು. ಪರ್ಫೊರೇಟೆಡ್ ವಿಧಾನದಲ್ಲಿ, ಅಂದರೆ ಕಿಟಕಿಗಳ ಸಮೇತ ಇಡೀ ಸಾಲನ್ನು ಒಂದೇ ಗೋಡೆ ಎಂದು ಹಿಡಿದಾಗ, ಇಡೀ ಗೋಡೆಯ ಎರಡು ತುದಿಗೆ ಮಾತ್ರ, ಎರಡೇ ಸಾಕು. ಆದರೆ ಬಲವನ್ನು ಒಂದಕ್ಕಿಂತ ಕಡಿಮೆ ಇರುವ ಒಂದು ಗುಣಕದಿಂದ ಭಾಗಿಸುವುದರಿಂದ ಆ ಎರಡರ ಮೇಲೆ ಎಳೆತ ಜಾಸ್ತಿ. ಜೊತೆಗೆ ನಡುವಿನ ತುಂಡುಗಳ ಕೆಳಪ್ಲೇಟನ್ನು ಉದ್ದಕ್ಕೂ ಮೇಲ್ಮುಖ ಬಲಕ್ಕೆ ಕಟ್ಟಿಹಾಕಬೇಕು. ಅಡಿಗೆ ಎಷ್ಟು ಶಿಯರ್ ಇದೆಯೋ ಅಷ್ಟೇ ಎಳೆತ ಪ್ಲೇಟಿಗೂ. ನಾಲ್ಕು ಬ್ರಾಕೆಟ್ಟು ಉಳಿಸಿದೆ ಎಂದು ಬೀಗುವವರು ಬಹಳ ಸಲ ಈ ಬೋಲ್ಟುಗಳನ್ನು ಎಣಿಸಿರುವುದಿಲ್ಲ.

ಹೋಲ್ಡ್-ಡೌನ್ ಆಯ್ಕೆಯನ್ನು ಪ್ರೋಗ್ರಾಮಿಗೇ ಬಿಡಬಹುದೇ ಎಂದು ಹಿಂದಿನ ಸಾಲಿನಿಂದ ಕೇಳಿದರು. ಬಿಡಿ, ಆದರೆ ಪಟ್ಟಿಯನ್ನು ಮೊದಲು ಕತ್ತರಿಸಿ. ಪೂರ್ತಿ ಕ್ಯಾಟಲಾಗು ಕೊಟ್ಟರೆ ಅದು ಒಂದು ಮನೆಗೆ ಏಳು ಬಗೆ ಆರಿಸುತ್ತದೆ. ಕಟ್ಟುವವರ ಕೈಯಲ್ಲಿ ಅವು ಅದಲು ಬದಲಾಗದೆ ಇರುವುದಿಲ್ಲ. ನಾನು ಮೂರು ಅಳತೆ ಇಡುತ್ತೇನೆ, ಸಾಧ್ಯವಾದರೆ ಮೂರಕ್ಕೂ ಒಂದೇ ದಪ್ಪದ ರಾಡು. ಯಾಕೆಂದರೆ ತಳಪಾಯದ ಕಾಂಕ್ರೀಟು ಗೋಡೆಗಿಂತ ಮೊದಲು ಬೀಳುತ್ತದೆ. ಕಿಟಕಿ ಒಂದಡಿ ಸರಿದು, ಬಲ ಏರಿ, ದೊಡ್ಡ ಬ್ರಾಕೆಟ್ಟು ಬೇಕು ಎನ್ನುವ ಹೊತ್ತಿಗೆ ಎಂಟನೇ ಐದು ಇಂಚಿನ ರಾಡು ಕಾಂಕ್ರೀಟಿನಲ್ಲಿ ಗಟ್ಟಿಯಾಗಿ ನಿಂತಿರುತ್ತದೆ. ಆಮೇಲೆ ತೂತು ಕೊರೆದು, ಎಪಾಕ್ಸಿ ಹಾಕಿ, ಅಂಚಿನ ದೂರದ ಲೆಕ್ಕವನ್ನು ಮೊದಲಿಂದ ಮಾಡಬೇಕು. ಆಗ ಉಳಿಯುವ ಅಂಚಿನ ದೂರ ಸಾಮಾನ್ಯವಾಗಿ ಅದೇ 1.75 ಇಂಚು.